ಕಾ, ಬಾ, ಅಖ್: ಪ್ರಾಚೀನ ಈಜಿಪ್ಟಿನವರ ‘ಆತ್ಮ’ಕ್ಕೆ ನಿಜಕ್ಕೂ ಒಂಬತ್ತು ಭಾಗಗಳೇ?

ಹಾಳೆಹುಳು
ಇತಿಹಾಸದ ಗೋಡೆಪಟಕ್ಕಾಗಿ ಒಂದು ಪಟ್ಟಿ ತಯಾರಾಗುತ್ತಿದೆ. ಒಂದೊಂದು ಕಡೆ ಒಂದೊಂದು ಲೆಕ್ಕ: ಐದು, ಏಳು, ಒಂಬತ್ತು. ಎಲ್ಲವನ್ನೂ ಕೂಡಿಸಿದರೆ ಹನ್ನೆರಡು ಹೆಸರಾಗುತ್ತವೆ: ಖಾತ್, ಸಾಹು, ಅಬ್, ಇಬ್, ಕಾ, ಬಾ, ಖು, ಅಖ್, ಖೈಬಿತ್, ಶುತ್, ಸೆಖೆಮ್, ರೆನ್. ಸರಿಯಾದ ಸಂಖ್ಯೆ ಯಾವುದು? ಕಾ ಎಂದರೆ ಪ್ರಾಣ, ಬಾ ಎಂದರೆ ಆತ್ಮ ಎಂದು ಕನ್ನಡದಲ್ಲಿ ಬರೆದರೆ ತಪ್ಪಾಗುತ್ತದೆಯೇ?

ಕಲ್ಬಾಗಿಲು
ಮೊದಲು ಪಟ್ಟಿಯ ಕಸ ತೆಗೆಯೋಣ. ನಿಮ್ಮ ಹನ್ನೆರಡರಲ್ಲಿ ಒಂದೇ ಪದ ಎರಡೆರಡು ವೇಷ ಹಾಕಿದೆ. ‘ಖು’ ಎಂಬುದು ‘ಅಖ್’ ಪದದ ಹಳೆಯ ಓದು. ‘ಅಬ್’ ಮತ್ತು ‘ಇಬ್’ ಎರಡೂ ಹೃದಯವೇ. ‘ಖೈಬಿತ್’, ‘ಶುತ್’ ಎರಡಕ್ಕೂ ನೆರಳು ಎಂದೇ ಅರ್ಥ. ಈಜಿಪ್ಟಿನ ಬರಹದಲ್ಲಿ ಸ್ವರಗಳನ್ನು ಬರೆಯುತ್ತಿರಲಿಲ್ಲ. ನಾವು ಬಾಯಿಗೆ ಅನುಕೂಲವಾಗಲೆಂದು ಸ್ವರ ತುಂಬಿಕೊಂಡು ಓದುತ್ತೇವೆ. ಅದಕ್ಕೇ ನೂರಿಪ್ಪತ್ತೈದು ವರ್ಷದ ಹಿಂದಿನ ಪುಸ್ತಕದ ಉಚ್ಚಾರಣೆಯೂ ಇಂದಿನ ಉಚ್ಚಾರಣೆಯೂ ಬೇರೆಬೇರೆ ಪದಗಳಂತೆ ಕಾಣುತ್ತವೆ.

ಒಂಬತ್ತರ ಪಟ್ಟಿ ಇಷ್ಟು ಹಬ್ಬಿದ್ದು ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ವಾಲಿಸ್ ಬಜ್ 1890ರ ದಶಕದಲ್ಲಿ ಬರೆದ ಪೀಠಿಕೆಗಳಿಂದ. ಬೇರೆಬೇರೆ ಕಾಲದ ಪಠ್ಯಗಳಿಂದ ಆಯ್ದು ಆತ ಒಂದೆಡೆ ಪೋಣಿಸಿದ. ಈಜಿಪ್ಟಿನವರು ‘ಮನುಷ್ಯನಲ್ಲಿ ಇಷ್ಟು ಅಂಶ’ ಎಂದು ಸಿದ್ಧಾಂತ ಬರೆದಿಡಲಿಲ್ಲ. ಅವರ ಹತ್ತಿರ ಪಟ್ಟಿಗಳಿದ್ದವು, ಆದರೆ ಅವು ಎಡೆ ಯಾರಿಗೆ ಸಲ್ಲಬೇಕು ಎಂಬ ಪಟ್ಟಿಗಳು. ಥೀಬ್ಸ್‌ನ 82ನೇ ಗೋರಿ, 3ನೇ ಥುಟ್‌ಮೋಸನ ಕಾಲದ ಲಿಪಿಕಾರ ಅಮೆನೆಂಹತ್‌ನದು. ಅಲ್ಲಿ ಅವನ ಕಾ, ಬಾ, ಅಖ್, ಶವ, ನೆರಳು ಇವುಗಳ ಸಾಲಿನಲ್ಲೇ ಅವನ ಗೋರಿಯ ಶಿಲಾಫಲಕವೂ ಬರುತ್ತದೆ. ಕಲ್ಲು ಆತ್ಮದ ಭಾಗವೇ? ನಮಗೆ ಅಲ್ಲ. ಅವರಿಗೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ, ಎಡೆ ತಲುಪಬೇಕಾದ ವಿಳಾಸಗಳಲ್ಲಿ ಅದೂ ಒಂದು.

ಹಾಳೆಹುಳು
ಹಾಗಾದರೆ ಪಟದಲ್ಲಿ ಹಾಕುವುದೇನು? ಸಂಖ್ಯೆ ಇಲ್ಲದಿದ್ದರೆ ಮಕ್ಕಳಿಗೆ ಹಿಡಿತ ಸಿಗುವುದಿಲ್ಲ.

ಕಲ್ಬಾಗಿಲು
ಗೋರಿಯ ನಕ್ಷೆ ಬರೆಯಿರಿ. ಯಾವುದು ಎಲ್ಲಿರುತ್ತದೆ, ಅದಕ್ಕೆ ಏನು ಬೇಕು, ಏನಾದರೆ ಕೆಡುತ್ತದೆ ಎಂದು ಗುರುತು ಹಾಕಿ. ಹನ್ನೆರಡು ವ್ಯಾಖ್ಯೆಗಿಂತ ಅದೇ ತಲೆಗೆ ಬೇಗ ಹೋಗುತ್ತದೆ. ಶುರು ಕಾದಿಂದಲೇ ಮಾಡೋಣ, ಅತಿ ಹೆಚ್ಚು ಸಾಮಾನು ಉಳಿದಿರುವುದು ಅದರದ್ದೇ.

ಕಾ ಎಂಬುದರ ಚಿಹ್ನೆ ಮೇಲಕ್ಕೆತ್ತಿದ ಎರಡು ತೋಳು. ಅದು ಪ್ರಾರ್ಥನೆಯ ಭಂಗಿ ಎಂದು ಬರೆದುಬಿಡುತ್ತಾರೆ, ಅಪ್ಪುಗೆ ಎಂದು ಓದುವುದು ಹೆಚ್ಚು ಸರಿ. ಪಿರಮಿಡ್ಡಿನ ಒಳಗೋಡೆಗಳಲ್ಲಿ ಕೆತ್ತಿದ ‘ಪಿರಮಿಡ್ ಪಠ್ಯ’ಗಳ 600ನೇ ಉಕ್ತಿಯಲ್ಲಿ ಆತುಮ್ ದೇವರು ತಾನು ಹುಟ್ಟಿಸಿದ ಶು, ತೆಫ್ನುತ್ ಇಬ್ಬರ ಸುತ್ತ ಕಾದ ತೋಳುಗಳ ಹಾಗೆ ತೋಳು ಬಳಸುತ್ತಾನೆ, ಅವನ ಕಾ ಅವರೊಳಗೆ ಇರಲೆಂದು. ತಂದೆಯಿಂದ ಮಗುವಿಗೆ ದಾಟುವ ಜೀವಬಲ ಅದು. ಸತ್ತವನು ‘ತನ್ನ ಕಾ ಬಳಿಗೆ ಹೋದ’ ಎನ್ನುತ್ತಿದ್ದರು. ಆಹಾರ ಎಂಬರ್ಥದ ‘ಕಾವು’ ಪದಕ್ಕೂ ಇದೇ ಧಾತು.

ಆದ್ದರಿಂದ ಕಾ-ಗೆ ಬೇಕಾದ್ದು ಊಟ ಮತ್ತು ಒಂದು ನೆಲೆ. ನೆಲೆ ಎಂದರೆ ಪ್ರತಿಮೆ. ಸಕ್ಕಾರಾದಲ್ಲಿ ಜೋಸರ್‌ನ ಮೆಟ್ಟಿಲು ಪಿರಮಿಡ್ಡಿನ ಉತ್ತರ ಮಗ್ಗುಲಿಗೆ ಮುಚ್ಚಿದ ಕಲ್ಲಿನ ಗೂಡಿದೆ, ಸೆರ್ದಾಬ್. ಅದರ ಗೋಡೆಯಲ್ಲಿ ಕಣ್ಣಿನ ಮಟ್ಟಕ್ಕೆ ಎರಡು ತೂತು. ಒಳಗೆ ಕೂತ ರಾಜನಿಗೆ ಹೊರಗಿನ ಪೂಜೆ ಕಾಣಬೇಕು, ಧೂಪ ತಲುಪಬೇಕು. ಅಧಿಕಾರಿಗಳ ಗೋರಿಯಲ್ಲಿ ಪಶ್ಚಿಮ ಗೋಡೆಗೆ ಹುಸಿಬಾಗಿಲು ಕೆತ್ತಿ ಅದರ ಮುಂದೆ ಎಡೆಯ ಕಲ್ಲು ಇಡುತ್ತಿದ್ದರು. ಮನುಷ್ಯ ದಾಟಲಾಗದ, ಕಾ ದಾಟಬಲ್ಲ ಬಾಗಿಲು ಅದು.

ಕೆಡುವುದು ಎಲ್ಲಿ? ಕಲ್ಲು ಕೆಡುವುದಿಲ್ಲ, ಅಡಿಗೆ ನಿಲ್ಲುತ್ತದೆ. ಎರಡು ಮೂರು ತಲೆಮಾರಿನ ಮೇಲೆ ಎಡೆ ಇಡುವವರು ಯಾರು? ಇದಕ್ಕೆ ಅವರು ಮಾಡಿದ ಏರ್ಪಾಟು ನಮ್ಮ ಶಾಸನಗಳ ದತ್ತಿಯನ್ನು ಬಲ್ಲವರಿಗೆ ತಟ್ಟನೆ ಅರ್ಥವಾಗುತ್ತದೆ. ಅಸ್ಯೂಟ್‌ನಲ್ಲಿ 12ನೇ ರಾಜವಂಶದ ಪ್ರಾಂತಾಧಿಪತಿ ಹಾಪಿಜೆಫಾ ತನ್ನ ಗೋರಿಯ ಗೋಡೆಯ ಮೇಲೆ 10 ಕರಾರುಗಳನ್ನು ಕೆತ್ತಿಸಿದ್ದಾನೆ. ಯಾವ ಹಬ್ಬದಂದು ಯಾವ ಪೂಜಾರಿ ಎಷ್ಟು ರೊಟ್ಟಿ, ಎಷ್ಟು ಬಿಯರ್, ದೀಪಕ್ಕೆ ಎಷ್ಟು ಬತ್ತಿ ಕೊಡಬೇಕು, ಬದಲಿಗೆ ಅವರಿಗೆ ಏನು ಸಿಗುತ್ತದೆ ಎಲ್ಲವೂ ಇದೆ. ಕೂಲಿಯ ಒಂದು ಅಳತೆ ‘ದೇವಾಲಯದ ದಿನ’, ಅಂದರೆ ದೇವಾಲಯದ ವರ್ಷದ ಉತ್ಪನ್ನದ 360ರಲ್ಲಿ ಒಂದು ಪಾಲು. ಅವನ ಜಾಣತನ ಇನ್ನೊಂದು ಕಡೆ ಇದೆ: ಅಧಿಕಾರದಿಂದ ಬಂದ ಆಸ್ತಿ ಯಾವುದು, ತಂದೆಯಿಂದ ಬಂದದ್ದು ಯಾವುದು ಎಂದು ಬೇರೆ ಮಾಡಿ ಹೇಳುತ್ತಾನೆ. ಅಧಿಕಾರದ ಸೊತ್ತಿನಿಂದ ಬಿಟ್ಟದ್ದನ್ನು ಮುಂದಿನ ಅಧಿಪತಿ ಕಿತ್ತುಕೊಳ್ಳಬಹುದಲ್ಲ. ‘ಕಾ-ಸೇವಕ’ನಿಗೆ ಬಿಟ್ಟ ಆಸ್ತಿ ಅವನ ಒಬ್ಬ ಮಗನಿಗೇ ಹೋಗಬೇಕು, ಮಕ್ಕಳಲ್ಲಿ ಹಂಚಿ ಚೂರಾಗಬಾರದು ಎಂದೂ ಇದೆ.

ತಿಗರಿ
ಕಲ್ಬಾಗಿಲು ಅವರ ಮಾತಿಗೆ ಒಂದು ಸೇರ್ಪಡೆ. ಕಾ ಎಂದರೆ ‘ಪ್ರತಿರೂಪ’ ಎನ್ನುವ ವಿವರಣೆ ಹಳೆಯ ಫ್ರೆಂಚ್ ವಿದ್ವಾಂಸ ಮಾಸ್ಪೆರೋ ಕಾಲದಿಂದ ಓಡಾಡುತ್ತಿದೆ. ಅದಕ್ಕೆ ಆಧಾರ ಇಲ್ಲದೆ ಇಲ್ಲ. ದೈರ್ ಅಲ್-ಬಹ್ರಿಯ ದೇವಾಲಯದಲ್ಲಿ ಅರಸಿ ಹತ್‌ಶೆಪ್‌ಸುತ್‌ಳ ಜನನದ ಚಿತ್ರ ನೋಡಿ, ಖ್ನೂಮ್ ದೇವರು ಕುಂಬಾರನ ತಿಗರಿಯ ಮೇಲೆ ಒಂದೇ ತರಹದ ಎರಡು ಮಕ್ಕಳನ್ನು ಮಾಡುತ್ತಿದ್ದಾನೆ, ಒಂದು ಆಕೆ, ಇನ್ನೊಂದು ಆಕೆಯ ಕಾ. ಲಕ್ಸರ್‌ನಲ್ಲಿ 3ನೇ ಅಮೆನ್‌ಹೋತೆಪ್‌ಗೂ ಇದೇ ಚಿತ್ರ. ದಹಶೂರ್‌ನಲ್ಲಿ 1894ರಲ್ಲಿ ಸಿಕ್ಕ ರಾಜ ಹೋರ್‌ನ ಮರದ ಪ್ರತಿಮೆಯಂತೂ ತಲೆಯ ಮೇಲೇ ಆ ಎರಡು ತೋಳು ಹೊತ್ತಿದೆ, ಕೈರೋದಲ್ಲಿದೆ. ಆದರೆ ಗಮನಿಸಿ, ಮೂರೂ ಅರಸೊತ್ತಿಗೆಯವೇ. ರೈತನ ಪಕ್ಕ ಅವನ ಅವಳಿಯಂತೆ ಕಾ ನಿಂತ ಚಿತ್ರ ಹುಡುಕುತ್ತಾ ಹೋದರೆ ಕೈ ಖಾಲಿ. ರಾಜನಿಗೆ ಇದ್ದದ್ದನ್ನು ಎಲ್ಲರಿಗೂ ಹಂಚಿಬಿಟ್ಟದ್ದು ನಮ್ಮ ಕಾಲದ ಪುಸ್ತಕಗಳು.

ನೀಲಿಮಸಿ
ಬಾ ಬಗ್ಗೆ ನಾನು ಬರೆಯುತ್ತೇನೆ. ಕನ್ನಡಿಗರಿಗೆ ಇದನ್ನು ನೆನಪಿಡುವುದು ಸುಲಭ: ‘ಬಾ’ ಅಂದರೆ ಬರಬೇಕು. ನುಡಿಗಳಿಗೆ ನಂಟೇನೂ ಇಲ್ಲ, ಆದರೆ ಅದರ ಕೆಲಸವೇ ಹೋಗಿ ಬರುವುದು.

ಹಗಲು ಗೋರಿಯಿಂದ ಹೊರಟು ಬಿಸಿಲು, ಗಾಳಿ, ನೀರು, ಮರದ ನೆರಳು ಎಲ್ಲ ಅನುಭವಿಸಿ, ರಾತ್ರಿ ತಿರುಗಿ ಶವದ ಎದೆಯ ಮೇಲೆ ಇಳಿಯಬೇಕು. ಈ ಕೂಡುವಿಕೆ ತಪ್ಪಿದರೆ ಸತ್ತವನ ಬದುಕು ಮುಂದೆ ಸಾಗದು. ಸೂರ್ಯನಿಗೂ ಇದೇ ಕಟ್ಟಳೆ, ರಾತ್ರಿ ಪಾತಾಳದಲ್ಲಿ ಸೂರ್ಯದೇವ ರಾ ಹೋಗಿ ಸತ್ತವರ ದೊರೆ ಓಸಿರಿಸ್ ಜೊತೆ ಒಂದಾಗುತ್ತಾನೆ. ರಾಣಿ ನೆಫೆರ್ತಾರಿಯ ಗೋರಿಯಲ್ಲಿ ಟಗರಿನ ತಲೆಯ ಮಮ್ಮಿಯೊಂದು ಇಸಿಸ್, ನೆಫ್ತಿಸ್ ದೇವಿಯರ ನಡುವೆ ನಿಂತಿದೆ. ಪಕ್ಕದ ಬರಹದ ಪ್ರಕಾರ ಅದು ರಾನಲ್ಲಿ ವಿಶ್ರಮಿಸುವ ಓಸಿರಿಸ್, ಓಸಿರಿಸ್‌ನಲ್ಲಿ ವಿಶ್ರಮಿಸುವ ರಾ. ಗೋರಿಯೊಳಗಿನ ಬಾ ಮತ್ತು ಶವ ಇದರದೇ ಸಣ್ಣ ನಕಲು.

ಸತ್ತವನ ಜೊತೆ ಗೋರಿಯಲ್ಲಿ ಇಡುತ್ತಿದ್ದ ಮಂತ್ರಸಂಗ್ರಹ ‘ಮೃತರ ಪುಸ್ತಕ’ದಲ್ಲಿ ಬಾಗೆ ಬೇಕಾದ ಮಂತ್ರಗಳು ಒಂದೊಂದು ಅಪಾಯಕ್ಕೆ ಒಂದೊಂದು. 61 ಯಾರೂ ಬಾವನ್ನು ಕಸಿಯದಂತೆ. 91 ಅದನ್ನು ಒಳಗೆ ಕೂಡಿಹಾಕದಂತೆ. 92 ಬಾ ಮತ್ತು ನೆರಳು ಹೊರಗೆ ಹೋಗಲು ಗೋರಿ ತೆರೆಯುವುದಕ್ಕೆ. 89 ಹೋದದ್ದು ತಿರುಗಿ ಬರುವುದಕ್ಕೆ. ಈ 89ರ ದನಿಯೇ ಬೇರೆ, ಬೇಡಿಕೆಯಲ್ಲ, ಬೆದರಿಕೆ. ನನ್ನ ಬಾ ಎಲ್ಲಿದ್ದರೂ ತಂದುಕೊಡಿ, ತಡಮಾಡಿದರೆ ಹೋರಸ್‌ನ ಕಣ್ಣು ನಿಮ್ಮ ವಿರುದ್ಧ ಏಳುತ್ತದೆ ಎಂದು ದೇವತೆಗಳನ್ನೇ ಗದರಿಸುತ್ತದೆ. ಕೊನೆಯಲ್ಲಿ ಪ್ರಯೋಗವಿಧಿ: ರತ್ನ ಕೂರಿಸಿದ ಚಿನ್ನದ ಬಾ-ಹಕ್ಕಿಯ ಮೇಲೆ ಹೇಳಿ ಅದನ್ನು ಸತ್ತವನ ಎದೆಯ ಮೇಲಿಡಬೇಕು. ತುತಂಖಾಮನ್ ಮಮ್ಮಿಯ ಮೇಲೆ ಅಂಥ ಚಿನ್ನದ ಹಕ್ಕಿ ಸಿಕ್ಕಿದೆ.

ಪಟ ಬರೆಯುವವರಿಗೆ ಒಂದು ಎಚ್ಚರಿಕೆ. ಮನುಷ್ಯ ಮುಖದ ಹಕ್ಕಿ ಹೊಸ ಸಾಮ್ರಾಜ್ಯದ (ಸುಮಾರು ಕ್ರಿ.ಪೂ. 1550ರಿಂದ) ಚಿತ್ರ. ಪಿರಮಿಡ್ ಕಾಲದ ಬಾ ಬಗ್ಗೆ ಬರೆಯುತ್ತಾ ಆ ಚಿತ್ರ ಅಂಟಿಸಿದರೆ ಸಾವಿರ ವರ್ಷದ ಎಡವಟ್ಟು. ಹಳೆಯ ಲಿಪಿಯಲ್ಲಿ ಬಾ ಎಂದರೆ ಒಂದು ದೊಡ್ಡ ಕೊಕ್ಕರೆ, ಅಷ್ಟೇ.

ಹಾಳೆಹುಳು
ಹಾಗಾದರೆ ಬಾ = ಆತ್ಮ ಎಂದು ಬರೆಯಲು ಅಡ್ಡಿಯೇನು? ಹಾರಿಹೋಗುವ ಹಕ್ಕಿ ಎಂದರೆ ನಮ್ಮ ಕಡೆಯ ‘ಪ್ರಾಣಪಕ್ಷಿ’ಯ ಹಾಗೇ ಇದೆಯಲ್ಲ.

ನೀಲಿಮಸಿ
ಅಡ್ಡಿ ಮೂರು. ನಮ್ಮಲ್ಲಿ ಪ್ರಾಣಪಕ್ಷಿ ಹಾರಿಹೋಯಿತು ಎಂದರೆ ಮುಗಿಯಿತು, ದೇಹವನ್ನು ಸುಡುತ್ತೇವೆ ಇಲ್ಲವೆ ಹೂಳುತ್ತೇವೆ. ಬಾಗೆ ದೇಹ ಬೇಕೇ ಬೇಕು, ಪ್ರತಿ ರಾತ್ರಿ. ಎರಡನೆಯದು, ಬಾ ತಿನ್ನುತ್ತದೆ, ಕುಡಿಯುತ್ತದೆ, ಶವಪೆಟ್ಟಿಗೆ ಪಠ್ಯಗಳಲ್ಲಿ ಕೂಡುವ ಶಕ್ತಿಯನ್ನೂ ಕೇಳಿಕೊಳ್ಳುತ್ತದೆ. ನಿರಾಕಾರ ಆತ್ಮಕ್ಕೆ ಇದ್ಯಾವುದೂ ಹೊಂದುವುದಿಲ್ಲ. ಮೂರನೆಯದು, ದೇವರಿಗೂ ಬಾ ಇದೆ, ಬಹುವಚನದ ‘ಬಾವು’ ಎಂದರೆ ಎದುರಾಳಿ ನಡುಗುವ ಪ್ರಭಾವ. ಬರ್ಲಿನ್ ಪಪೈರಸ್ 3024ರಲ್ಲಿ ಬದುಕು ಸಾಕಾದವನೊಬ್ಬ ತನ್ನ ಬಾ ಜೊತೆ ವಾದಿಸುತ್ತಾನೆ, ಬಾ ಅವನಿಗೆ ಎದುರು ಮಾತಾಡುತ್ತದೆ. ಆತ್ಮ ಎಂದು ಅನುವಾದಿಸಿದರೆ ‘ಅವನು ತನ್ನ ಆತ್ಮದೊಡನೆ ಜಗಳವಾಡಿದ’ ಎಂದಾಗಿ ಮನಸ್ಸಾಕ್ಷಿಯ ಕತೆಯಾಗಿಬಿಡುತ್ತದೆ. ಈಜಿಪ್ಟಿನವರೇ ಕ್ರೈಸ್ತರಾಗಿ ಕಾಪ್ಟಿಕ್‌ನಲ್ಲಿ ಬರೆಯತೊಡಗಿದಾಗ ಆತ್ಮಕ್ಕೆ ‘ಬಾ’ ಬಳಸದೆ ಗ್ರೀಕರ ‘ಪ್ಸುಖೆ’ ಪದವನ್ನೇ ಎರವಲು ತಂದರು. ಅವರಿಗೇ ಹೊಂದದ್ದನ್ನು ನಾವು ಹೊಂದಿಸುವುದು ಯಾಕೆ? ಕಾ, ಬಾ ಎಂದೇ ಬಿಡಿ.

ಉಪ್ಪುಗಲ್ಲು
ಶವ ಬೇಕೇ ಬೇಕು ಎಂದಿರಲ್ಲ, ಅದನ್ನು ಉಳಿಸಿಕೊಳ್ಳುವ ಕೆಲಸದ ಲೆಕ್ಕ ಇಲ್ಲಿದೆ.

ಒಟ್ಟು 70 ದಿನ. ಎಡ ಪಕ್ಕೆಯ ಕೆಳಗೆ ಸೀಳಿ ಪಿತ್ತಜನಕಾಂಗ, ಶ್ವಾಸಕೋಶ, ಜಠರ, ಕರುಳು ಹೊರತೆಗೆಯುವುದು. ಇವುಗಳನ್ನು ಕ್ರಮವಾಗಿ ಹೋರಸ್ ದೇವರ ನಾಲ್ವರು ಮಕ್ಕಳಾದ ಇಮ್ಸೆತಿ, ಹಾಪಿ, ದುಆಮುತೆಫ್, ಕೆಬೆಹ್‌ಸೆನುಎಫ್ ಕಾಯುತ್ತಾರೆ. ಮಿದುಳನ್ನು ಮೂಗಿನ ಮೂಲಕ ಕೊಕ್ಕೆಯಿಂದ ಎಳೆದುಹಾಕುವುದು, ಅದಕ್ಕೆ ಪಾತ್ರೆಯೂ ಇಲ್ಲ, ಮರ್ಯಾದೆಯೂ ಇಲ್ಲ. ಯೋಚನೆ, ನೆನಪು ಎಲ್ಲ ಹೃದಯದ್ದು ಎಂಬ ನಂಬಿಕೆ. ಆಮೇಲೆ ನೇಟ್ರಾನ್‌ನಲ್ಲಿ ಸುಮಾರು 40 ದಿನ. ನೇಟ್ರಾನ್ ಎಂದರೆ ಸೋಡಿಯಂ ಕಾರ್ಬನೇಟ್, ಬೈಕಾರ್ಬನೇಟ್, ಜೊತೆಗೆ ಉಪ್ಪು ಮತ್ತು ಸಲ್ಫೇಟ್, ವಾದಿ ನತ್ರೂನ್ ಕೆರೆಗಳ ಅಂಚಿನಲ್ಲಿ ಸಿಗುತ್ತದೆ. ನೀರಿನಲ್ಲಿ ಕರಗಿಸಿ ನೆನೆಹಾಕುತ್ತಿದ್ದರು ಎಂಬ ತಪ್ಪು ಬಹಳ ಕಾಲ ನಡೆಯಿತು. ಆಲ್‌ಫ್ರೆಡ್ ಲ್ಯೂಕಸ್ ಎಂಬ ರಸಾಯನತಜ್ಞ ಕೋಳಿ, ಪಾರಿವಾಳಗಳ ಮೇಲೆ ಮಾಡಿದ ಪ್ರಯೋಗಗಳು ಒಣ ಪುಡಿಯ ಕಡೆಗೇ ಬೊಟ್ಟು ಮಾಡಿದವು. ದ್ರಾವಣದಲ್ಲಿ ಮಾಂಸ ಮೆತ್ತಗಾಗಿ ಚರ್ಮ ಬಿಡುತ್ತದೆ, ಒಣ ನೇಟ್ರಾನ್ ನೀರು ಹೀರಿ ಗಟ್ಟಿ ಮಾಡುತ್ತದೆ. 1994ರಲ್ಲಿ ಅಮೆರಿಕದಲ್ಲಿ ಬಾಬ್ ಬ್ರೈಯರ್ ಮತ್ತು ರಾನ್ ವೇಡ್ ದಾನವಾಗಿ ಬಂದ ದೇಹವನ್ನು ಇದೇ ಕ್ರಮದಲ್ಲಿ ಸಂಸ್ಕರಿಸಿದರು. ಒಂದೇ ದೇಹಕ್ಕೆ ಬೇಕಾದದ್ದು ಕಾಲು ಟನ್‌ನಷ್ಟು ನೇಟ್ರಾನ್, 35 ದಿನ.

ಬರಿಯ ಹೆಣ ‘ಖಾತ್’. ಒಣಗಿ, ಎಣ್ಣೆ ಕುಡಿದು, ಬಟ್ಟೆ ಸುತ್ತಿಸಿಕೊಂಡು, ಮುಖವಾಡ ತೊಟ್ಟ ಗೌರವದ ರೂಪ ‘ಸಾಹ್’ (ನಿಮ್ಮ ಪಟ್ಟಿಯ ‘ಸಾಹು’). ಪಟ್ಟಿಯಲ್ಲಿ ಇವೆರಡನ್ನು ‘ಎರಡು ಭಾಗ’ ಎನ್ನುವುದಕ್ಕಿಂತ ಒಂದೇ ದೇಹದ ಎರಡು ಸ್ಥಿತಿ ಎನ್ನುವುದು ಸರಿ. ನಡುವೆ ನಡೆಯಬೇಕಾದ್ದು ಬಾಯಿ ತೆರೆಸುವ ವಿಧಿ. ಬಾಚಿಯಿಂದ ಬಾಯಿ ಮುಟ್ಟುವುದು, ಕರುವಿನ ಮುಂಗಾಲು ಎತ್ತಿ ತೋರುವುದು ಇತ್ಯಾದಿ 75 ದೃಶ್ಯಗಳನ್ನು ವಿದ್ವಾಂಸರು ಗುರುತಿಸಿದ್ದಾರೆ. ಬಾಯಿ ತೆರೆಯದ ಮಮ್ಮಿ ಉಣ್ಣಲಾರದು, ಸತ್ತವರನ್ನು ವಿಚಾರಿಸುವ ನ್ಯಾಯಸಭೆಯಲ್ಲಿ ಉತ್ತರ ಕೊಡಲಾರದು. ಪ್ರತಿಮೆಗೂ ಇದೇ ವಿಧಿ.

ಕಲ್ಬಾಗಿಲು
ಹೃದಯವನ್ನು ಒಳಗೇ ಬಿಡುತ್ತಿದ್ದರು ಎಂದು ಎಲ್ಲ ಪುಸ್ತಕದಲ್ಲೂ ಇದೆ. ನೀವು ಆ ಮಾತು ಎತ್ತಲಿಲ್ಲ, ಬೇಕೆಂದೇ ಬಿಟ್ಟಿರೋ?

ಉಪ್ಪುಗಲ್ಲು
ಬೇಕೆಂದೇ. ಬಿಡಬೇಕು ಎಂಬುದು ಆದರ್ಶ. ಸಿ.ಟಿ. ಸ್ಕ್ಯಾನ್ ಮಾಡಿದ ಮಮ್ಮಿಗಳಲ್ಲಿ ಹೃದಯ ಇಲ್ಲದವೇ ಬಹಳ. ಕತ್ತಲಲ್ಲಿ, ಅಂಗೈ ಹಿಡಿಸುವಷ್ಟು ಸೀಳಿನಲ್ಲಿ, ವಪೆಯನ್ನು ಹರಿದು ಶ್ವಾಸಕೋಶ ಎಳೆಯುವಾಗ ಹೃದಯವೂ ಜೊತೆಗೆ ಬರುವುದು ಸುಲಭ. ಎಲ್ಲವೂ ಕೈತಪ್ಪು ಎನ್ನಲಾಗದು, ಕಾಲ ಮತ್ತು ಕಾರ್ಯಾಗಾರದ ಪದ್ಧತಿಯೂ ಇರಬಹುದು.

ಅದಕ್ಕೇ ಹೃದಯಕ್ಕೆ ಕಲ್ಲಿನ ಜಾಮೀನು. ಮೃತರ ಪುಸ್ತಕದ 30ಬಿ ಮಂತ್ರ ಬರೆದ ಸಗಣಿದುಂಬಿಯ ತಾಯಿತ. ವಿಧಿಯ ಪ್ರಕಾರ ಹಸಿರು ಕಲ್ಲು, ಬೆಳ್ಳಿ ಬೆರೆತ ಚಿನ್ನದ ಕಟ್ಟು, ಬೆಳ್ಳಿಯ ಬಳೆ. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಸೋಬೆಕೆಂಸಾಫ್ ರಾಜನ ಹೃದಯದುಂಬಿ ಈ ಬಗೆಯ ಬಹಳ ಹಳೆಯ ಮಾದರಿ, 17ನೇ ರಾಜವಂಶದ್ದು. ಮಂತ್ರ ಏನು ಕೇಳುತ್ತದೆ ನೋಡಿ: ನನ್ನ ತಾಯಿಯಿಂದ ಬಂದ ಇಬ್ ನೀನು, ನನ್ನ ರೂಪಾಂತರಗಳ ಹಾತಿ ನೀನು, ನನ್ನ ಎದುರು ಸಾಕ್ಷಿಯಾಗಿ ನಿಲ್ಲಬೇಡ. ತಪ್ಪು ಮಾಡಿಲ್ಲ ಎಂದು 42 ನ್ಯಾಯಾಧೀಶರ ಮುಂದೆ 125ನೇ ಮಂತ್ರದಲ್ಲಿ ಹೇಳಿ, ಇತ್ತ ಹೃದಯದ ಬಾಯಿಗೆ ಬೀಗ. ಜನ ಎಲ್ಲ ಕಾಲಕ್ಕೂ ಜನರೇ!

ಇಬ್ ಮತ್ತು ಹಾತಿ ಎರಡೂ ಹೃದಯ. ಸ್ಥೂಲವಾಗಿ ಇಬ್ ಎಂದರೆ ಬಯಕೆ, ಬುದ್ಧಿಯ ನೆಲೆ, ಹಾತಿ ಎಂದರೆ ಎದೆಯಲ್ಲಿ ಬಡಿಯುವ ಅಂಗ, ಗೆರೆ ಮಾತ್ರ ಯಾವಾಗಲೂ ಅಷ್ಟು ಸ್ಪಷ್ಟವಲ್ಲ. ನ್ಯಾಯಸಭೆಯ ತಕ್ಕಡಿಯಲ್ಲಿ ಹೃದಯ ಸತ್ಯದ ಗುರುತಾದ ಗರಿಗೆ ಸಮ ತೂಗದಿದ್ದರೆ ಮೊಸಳೆಯ ತಲೆ, ಸಿಂಹದ ಮುಂಭಾಗ, ನೀರಾನೆಯ ಹಿಂಭಾಗದ ಅಮ್ಮಿತ್ ನುಂಗುತ್ತದೆ, ಅದು ಎರಡನೆಯ ಸಾವು.

ತಿಗರಿ
ಹೆಸರು ಮತ್ತು ನೆರಳು ಉಳಿದವು. ನೆರಳು ಚಿಕ್ಕದು: ಚಿತ್ರದಲ್ಲಿ ಅಪ್ಪಟ ಕಪ್ಪು ಬತ್ತಲೆ ಆಳು, ದೈರ್ ಅಲ್-ಮದೀನಾದ ಇರಿನೆಫೆರ್ ಗೋರಿಯಲ್ಲಿ (290ನೇದು) ಚೆನ್ನಾಗಿ ಕಾಣುತ್ತದೆ. ಬಾ ಜೊತೆಗೇ ಓಡಾಡುತ್ತದೆ. ಅಮ್ದುಆತ್ ಎಂಬ ಪಾತಾಳ ಗ್ರಂಥದ 11ನೇ ಗಂಟೆಯಲ್ಲಿ ಬೆಂಕಿಯ ಗುಂಡಿಗಳಿವೆ. ಸೂರ್ಯನ ವೈರಿಗಳ ಶವಗಳಿಗೆ ಒಂದು, ಬಾಗಳಿಗೆ ಒಂದು, ನೆರಳುಗಳಿಗೆ ಒಂದು, ತಲೆಗಳಿಗೆ ಒಂದು. ಬಿಡಿಬಿಡಿಯಾಗಿ ಉಳಿಸಬೇಕಾದ್ದನ್ನು ಬಿಡಿಬಿಡಿಯಾಗಿಯೇ ಸುಡಬೇಕಾಗುತ್ತದೆ. ‘ಭಾಗಗಳು’ ಅಂತ ಯಾವುದಾದರೂ ಪಟ್ಟಿ ಹಾಕಲೇಬೇಕಿದ್ದರೆ ಈ ಗುಂಡಿಗಳ ಪಟ್ಟಿಯೇ ಹಾಕಬಹುದು, ಅವರೇ ಮಾಡಿಟ್ಟದ್ದು.

ಹೆಸರು, ಅಂದರೆ ರೆನ್, ದೊಡ್ಡ ವಿಷಯ. 3ನೇ ರಾಮ್ಸೆಸ್‌ನ ಕೊಲೆಸಂಚಿನ ವಿಚಾರಣೆಯ ದಾಖಲೆಯಲ್ಲಿ (ಟ್ಯೂರಿನ್‌ನಲ್ಲಿದೆ) ಕೆಲವು ಅಪರಾಧಿಗಳ ಹೆಸರನ್ನೇ ತಿರುಚಿದ್ದಾರೆ. ಒಬ್ಬ ‘ಮೆಸೆದ್‌ಸುರೆ’, ರಾ ಅವನನ್ನು ದ್ವೇಷಿಸುತ್ತಾನೆ ಎಂದರ್ಥ. ಯಾವ ತಾಯಿಯೂ ಅಂಥ ಹೆಸರಿಡುವುದಿಲ್ಲ. ಮರಣದಂಡನೆ ಸಾಲದೆಂದು ದಾಖಲೆಯಲ್ಲಿ ಶಾಶ್ವತ ಬೈಗುಳ ಕೊಟ್ಟರು. ರಾಜ ಅಖೆನಾತೆನ್ ದೇವರು ಅಮೂನ್‌ನ ಹೆಸರು ಕೆತ್ತಿ ತೆಗೆಸಿದ್ದೂ ಇದೇ ತರ್ಕ.

ಇನ್ನೊಂದು ಕಡೆ, ಹೆಸರನ್ನು ಯಾರೂ ಅಳಿಸದೆಯೂ ಕೆಡುತ್ತಿತ್ತು. ಮೃತರ ಪುಸ್ತಕದ ಸುರುಳಿಗಳನ್ನು ಮೊದಲೇ ಬರೆದಿಟ್ಟು, ಗಿರಾಕಿ ಬಂದಮೇಲೆ ಖಾಲಿ ಜಾಗದಲ್ಲಿ ಹೆಸರು ತುಂಬುತ್ತಿದ್ದರು. ಆನಿ ಎಂಬ ಲಿಪಿಕಾರನ ಸುಮಾರು 24 ಮೀಟರಿನ ಪಪೈರಸ್‌ನಲ್ಲೇ ಹಲವು ಕಡೆ ಹೆಸರಿನ ಕೈಬರಹ ಬೇರೆ. ಹೃದಯದುಂಬಿಗಳಲ್ಲಂತೂ ಹೆಸರಿನ ಜಾಗ ಖಾಲಿ ಉಳಿದವೂ ಇವೆ. ಮಂತ್ರ ಪೂರ್ತಿ ಇದೆ, ಯಾರಿಗೆ ಎಂಬುದೇ ಇಲ್ಲ.

ಹಾಳೆಹುಳು
ಅಖ್ ಇನ್ನೂ ಬಂದಿಲ್ಲ. ಅದೂ ಗೋರಿಯೊಳಗೇ ಇರುತ್ತದೆಯೇ?

ಕಲ್ಬಾಗಿಲು
ಅಖ್ ಯಾರಿಗೂ ಹುಟ್ಟಿನಿಂದ ಇರುವುದಿಲ್ಲ. ಉಳಿದದ್ದೆಲ್ಲ ಸರಿಹೋದರೆ ಮನುಷ್ಯ ಅಖ್ ಆಗುತ್ತಾನೆ. ಚಿಹ್ನೆ ಜುಟ್ಟಿನ ಐಬಿಸ್ ಹಕ್ಕಿ, ನಮ್ಮ ಕೆಂಬರಲಿನ ನೆಂಟ. ಬೆಳಕು, ಫಲಕಾರಿ ಎಂಬ ಎರಡೂ ಛಾಯೆ ಆ ಪದಕ್ಕಿದೆ. ಅಖ್ ಆಕಾಶಕ್ಕೆ, ಶವ ನೆಲಕ್ಕೆ ಎಂದು ಪಿರಮಿಡ್ ಪಠ್ಯದ 305ನೇ ಉಕ್ತಿ. ಆಗದವನು ಬರೀ ‘ಮೂತ್’, ಸತ್ತವನು.

ಅಖ್‌ಗೆ ಬದುಕಿರುವವರ ವ್ಯವಹಾರದಲ್ಲಿ ಕೈಯಾಡಿಸುವ ತಾಕತ್ತು ಇದೆ, ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ. ಹಾಗಾಗಿ ಕಾಗದ ಬರೆಯುತ್ತಿದ್ದರು, ಹಲವನ್ನು ಎಡೆಯ ಬಟ್ಟಲಿನ ಮೇಲೇ. ಉಂಡವರು ಓದಲೇಬೇಕಲ್ಲ. ಆಸ್ತಿ ಜಗಳ, ಕಾಯಿಲೆ, ಮಕ್ಕಳಾಗದಿರುವುದು, ಇವೇ ವಿಷಯ. ಲೈಡನ್‌ನಲ್ಲಿರುವ ಒಂದು ಕಾಗದದಲ್ಲಿ ಗಂಡನೊಬ್ಬ ಸತ್ತ ಹೆಂಡತಿ ಅಂಖಿರಿಗೆ, ನಾನು ನಿನಗೆ ಏನು ಕೇಡು ಮಾಡಿದೆನೆಂದು ಹೀಗೆ ಕಾಡುತ್ತೀಯೆ ಎಂದು ಲೆಕ್ಕ ಒಪ್ಪಿಸಿ, ದೇವರ ಮುಂದೆ ದೂರು ಕೊಡುವುದಾಗಿಯೂ ಹೇಳುತ್ತಾನೆ.

ನಿಮ್ಮ ಪಟದಲ್ಲಿ ಅಖ್ ಅನ್ನು ಗೋರಿಯ ಒಳಗೆ ಬರೆಯಬೇಡಿ, ಮೇಲೆ, ಹೊರಗೆ ಬರೆಯಿರಿ. ಉಳಿದವುಗಳಿಂದ ಅದರ ಕಡೆಗೆ ಬಾಣ ಹಾಕಿ. ಸೆಖೆಮ್ ಬಿಟ್ಟರೂ ನಷ್ಟವಿಲ್ಲ, ಅದು ‘ಶಕ್ತಿ’ ಎಂಬ ಸಾಮಾನ್ಯ ಪದ.

ಹಾಳೆಹುಳು
ತುಂಬಾ ಉಪಕಾರವಾಯಿತು. ಕೊನೆಯದೊಂದು. ಪಟದ ಮೂಲೆಗೆ ಒಂದು ಶಿಲಾಫಲಕದ ಫೋಟೊ ಹಾಕುವ ಯೋಚನೆ. ಅದರಲ್ಲಿ ಸತ್ತವನ ಹೆಸರು ಎಲ್ಲಿದೆ ಎಂದು ಲಿಪಿ ಬಾರದವರಿಗೂ ತೋರಿಸಬಹುದೇ?

ನೀಲಿಮಸಿ
ಮಧ್ಯ ಸಾಮ್ರಾಜ್ಯದ (ಸುಮಾರು ಕ್ರಿ.ಪೂ. 2000ದ ಆಸುಪಾಸು) ಅಥವಾ ಆಮೇಲಿನ ಫಲಕವಾದರೆ ಸುಲಭ. ಪ್ರಾಣಿ, ಮನುಷ್ಯರ ಮುಖ ಯಾವ ಕಡೆ ತಿರುಗಿದೆಯೋ ಆ ಕಡೆಯಿಂದ ಓದು ಶುರು. ಮೊದಲಿಗೆ ಒಂದು ಗಿಡ, ಚಾಪೆಯ ಮೇಲಿನ ರೊಟ್ಟಿ, ಚೂಪು ತ್ರಿಕೋನ ಕಾಣುತ್ತವೆ: ‘ಅರಸನು ಕೊಡುವ ಕಾಣಿಕೆ’. ಆಮೇಲೆ ದೇವರ ಹೆಸರು, ರೊಟ್ಟಿ, ಬಿಯರ್, ಎತ್ತು, ಹಕ್ಕಿ, ಅಲಬಾಸ್ಟರ್, ನಾರುಬಟ್ಟೆ, ಎಲ್ಲಕ್ಕೂ ‘ಸಾವಿರ’ ಎಂಬ ತಾವರೆ ಗಿಡದ ಚಿಹ್ನೆ. ಅವನ್ನೆಲ್ಲ ದಾಟಿ ಈ ಮೂರು ಹುಡುಕಿ: ನೀರಿನ ಅಲೆಯ ಗೆರೆ, ಎತ್ತಿದ ಎರಡು ತೋಳು, ಮತ್ತೆ ಅಲೆಯ ಗೆರೆ. ‘ಇಂಥವನ ಕಾ-ಗೆ’ ಎಂದರ್ಥ. ಅಲೆಯ ಬದಲು ಕೆಲವೊಮ್ಮೆ ಕೆಂಪು ಕಿರೀಟದ ಚಿಹ್ನೆ ಇರುತ್ತದೆ, ಅದೂ ಅದೇ ಅಕ್ಷರ. ಅದರ ಮುಂದೆ ಪದವಿ, ಆಮೇಲೆ ಹೆಸರು, ಹೆಸರಿನ ಕೊನೆಗೆ ಕೂತ ಗಂಡಸು ಅಥವಾ ಹೆಂಗಸು. ನಂತರ ಹುಟ್ಟುಗೋಲಿನ ಚಿಹ್ನೆ ಇರುವ ‘ಮಾಆ-ಖೆರು’, ನುಡಿ ನಿಜವಾದವನು.

ಎಡವುವುದು ಇಲ್ಲಿ: ಹೆಸರಾದ ಮೇಲೆ ಮೂರು ನರಿತೊಗಲು ಕಟ್ಟಿದಂಥ ಚಿಹ್ನೆ ಬಂದರೆ ‘ಇಂಥವಳಿಗೆ ಹುಟ್ಟಿದ’ ಎಂದು. ಅದರ ಮುಂದಿನದು ತಾಯಿಯ ಹೆಸರು, ಅವಳಿಗೂ ಮಾಆ-ಖೆರು ಇರಬಹುದು. ಬಾಣದ ಗುರುತನ್ನು ಮೊದಲ ಹೆಸರಿಗೇ ಹಾಕಿ, ಇಲ್ಲವಾದರೆ ಎಡೆ ಅಮ್ಮನಿಗೆ ಹೋಗುತ್ತದೆ.

ತಿಗರಿ
ಹಾಕಿದ ಮೇಲೆ ಆ ಹೆಸರನ್ನು ಒಂದು ಸಲ ಜೋರಾಗಿ ಓದಿಸಿ. ಗೋರಿಯ ಮುಂದೆ ಹೋಗುವವರನ್ನು ಅವರು ಬೇಡುತ್ತಿದ್ದದ್ದು ಅಷ್ಟೇ, ಕೈಯಲ್ಲಿ ಏನೂ ಇಲ್ಲದಿದ್ದರೆ ಬಾಯಿಯ ಉಸಿರಾದರೂ ಕೊಡಿ, ಅದರಿಂದ ನಿಮಗೇನೂ ಆಯಾಸವಿಲ್ಲ ಎಂದು.